ಸತ್ತವರ ಸಾಮಾನು, ಇದ್ದವರ ಲೆಕ್ಕ

ನಾರಾಯಣಪೇಟ, ಮಕ್ತಲ, ಗದ್ವಾಲ ಅಂದ ಕೂಡಲೆ ಮಂದಿಗೆ ನೆನಪಾಗೋದು ಸೀರೆ, ಸಂಸ್ಥಾನ, ಕೋಟೆ. ಇತಿಹಾಸ ಬರೆಯುವವರೂ ಅಲ್ಲಿಂದಲೇ ಶುರು ಮಾಡುತ್ತಾರೆ. ನಾನು ಈ ಲೇಖನಕ್ಕೆ ಆರಿಸಿಕೊಂಡದ್ದು ಅದಕ್ಕಿಂತ ಸಣ್ಣ ಸಂಗತಿ: ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಬಾಂಡೆ, ಹಾಸಿಗೆ, ಮಗ್ಗ, ಒಡವೆಗಳಿಗೆ ಪಂಚರು ಕೂತು ಬೆಲೆ ಕಟ್ಟಿ ಬರೆದ ಪಟ್ಟಿ. ರಾಜರ ಶಾಸನ ಕಲ್ಲಿನಲ್ಲಿ ಉಳಿಯಿತು. ಬಡವರ ಮನೆಯೊಳಗೆ ಏನಿತ್ತು ಅನ್ನೋದು ಉಳಿದಿದ್ದರೆ ಇಂಥ ಪಟ್ಟಿಗಳಲ್ಲೇ ಉಳಿದಿರಬೇಕು.

ಇಂಗ್ಲೆಂಡಿನಲ್ಲಿ ಇದಕ್ಕೆ ದೊಡ್ಡ ಇತಿಹಾಸವಿದೆ. 1529ರಲ್ಲಿ ಅಲ್ಲಿ ಒಂದು ಕಾಯಿದೆ ಆಯಿತು. ಉಯಿಲು ಜಾರಿ ಮಾಡುವವನು ಕನಿಷ್ಠ ಇಬ್ಬರು ನಂಬಿಕಸ್ಥರ ಎದುರಿಗೆ ಸತ್ತವನ ಸಾಮಾನಿನ ಪಟ್ಟಿ ಬರೆಸಿ ಒಪ್ಪಿಸಬೇಕು ಅಂತ. ಆ ಪಟ್ಟಿಗಳು ಸಾವಿರಾರು ಉಳಿದುಕೊಂಡಿವೆ. ಒಬ್ಬ ರೈತನ ಮನೆಯಲ್ಲಿ ಎಷ್ಟು ತಟ್ಟೆ, ಎಷ್ಟು ಕಂಬಳಿ ಇದ್ದವು ಅಂತ ಅಲ್ಲಿಯವರು ಇವತ್ತಿಗೂ ಹೇಳಬಲ್ಲರು. ಅದೇ ಪದ್ಧತಿ ಬ್ರಿಟಿಷರ ಜೊತೆ ಇಂಡಿಯಾಕ್ಕೂ ಬಂತು. 1870ರ ಕೋರ್ಟ್ ಫೀ ಕಾಯಿದೆಯಲ್ಲಿ ಪ್ರೊಬೇಟಿಗಾಗಿ ಒಂದು ನಮೂನೆ ಇದೆ. ಅದರಲ್ಲಿ ಮನೆಯಲ್ಲಿನ ನಗದು, ಮನೆ ಸಾಮಾನು, ಉಡುವ ಬಟ್ಟೆ, ಪುಸ್ತಕ, ಬೆಳ್ಳಿ ಪಾತ್ರೆ, ಒಡವೆ ಎಲ್ಲಾ ಒಂದೇ ಸಾಲಿನಲ್ಲಿ ಬರುತ್ತವೆ. ಸಾಲ, ಅಂತ್ಯಕ್ರಿಯೆಯ ಖರ್ಚು ಇನ್ನೊಂದು ಕಡೆ. 1925ರ ಉತ್ತರಾಧಿಕಾರ ಕಾಯಿದೆಯ 317ನೇ ಕಲಮಿನ ಪ್ರಕಾರ ಪ್ರೊಬೇಟು ಸಿಕ್ಕ 6 ತಿಂಗಳೊಳಗೆ ಪೂರ್ತಿ ಪಟ್ಟಿ, 1 ವರ್ಷದೊಳಗೆ ಜಮಾ-ಖರ್ಚಿನ ಲೆಕ್ಕ ಕೋರ್ಟಿಗೆ ಕೊಡಬೇಕು.

ನಮ್ಮ ಸೀಮೆಗೆ ಈ ಪ್ರೊಬೇಟು ತಟ್ಟಲಿಲ್ಲ. ಹಿಂದೂಗಳ ಉಯಿಲಿಗೆ ಅದು ಬಹುಕಾಲ ಕಡ್ಡಾಯವಾಗಿದ್ದದ್ದು ಬಂಗಾಳದ ಸೀಮೆಯಲ್ಲಿ ಮತ್ತು ಮುಂಬೈ, ಮದ್ರಾಸು ನಗರಗಳಲ್ಲಿ. ನಾವು ನಿಜಾಮರ ಪ್ರಜೆಗಳು. ಪಾಲಮೂರಿನ ಕಡೆಯಿಂದ ಮುಂಬೈಗೆ ದುಡಿಯಲು ಹೋಗಿ ಅಲ್ಲೇ ಒಂದು ಖೋಲಿ ಮಾಡಿಕೊಂಡು ಉಯಿಲು ಬರೆದಿಟ್ಟು ಸತ್ತವರ ಮಕ್ಕಳಿಗೆ ಮಾತ್ರ ಆ ಶಬ್ದದ ಪರಿಚಯವಾಯಿತು. ಊರಲ್ಲಿ ಉಳಿದವರಿಗೆ ಪಂಚರೇ ಕೋರ್ಟು, ಪಟ್ವಾರಿಯೇ ಕಾರಕೂನ.

ಹಾಗಂತ ನಮ್ಮಲ್ಲಿ ಕಾನೂನೇ ಇರಲಿಲ್ಲ ಅಂತಲ್ಲ. ಹಿಂದೂ ಮನೆಗಳ ಪಾಲಿಗೆ ಆಧಾರ ಮಿತಾಕ್ಷರಾ. ಅದನ್ನು ಬರೆದ ವಿಜ್ಞಾನೇಶ್ವರ ದೂರದವನಲ್ಲ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು, ಅಂದರೆ 1076ರಿಂದ 1126ರ ನಡುವಿನವನು. ಆ ಕಲ್ಯಾಣ ಇವತ್ತಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಬಂಗಾಳ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಕುಟುಂಬಗಳು ಶತಮಾನಗಳ ಕಾಲ ಪಾಲು ಹಂಚಿಕೊಂಡದ್ದು ಈ ಕನ್ನಡ ನೆಲದ ಗ್ರಂಥ ನೋಡಿ. ಅದರ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಸತ್ತರೆ ಆಸ್ತಿ ಯಾರಿಗೂ ಹೊಸದಾಗಿ ಬರೋದಿಲ್ಲ, ಉಳಿದವರಲ್ಲೇ ಉಳಿಯುತ್ತದೆ. ಆದ್ದರಿಂದ ಸಾವಿನ ದಿನ ಪಟ್ಟಿ ಬೇಕಾಗುತ್ತಿರಲಿಲ್ಲ. ಅಣ್ಣತಮ್ಮಂದಿರು ಬೇರೆ ಒಲೆ ಹೂಡುವ ದಿನ ಬೇಕಾಗುತ್ತಿತ್ತು. ಆದರೆ ಅಪ್ಪ ಹೋದ ಮೇಲೆ ಆ ದಿನ ದೂರ ಇರುತ್ತಿರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು.

ವಿಜ್ಞಾನೇಶ್ವರ ಹಂಚಬಾರದ ವಸ್ತುಗಳ ಬಗ್ಗೆಯೂ ಬರೆದಿದ್ದಾನೆ. ಅವರವರು ಉಟ್ಟ ಬಟ್ಟೆ, ತೊಟ್ಟ ಒಡವೆ, ಅಟ್ಟ ಅಡುಗೆ, ಬಾವಿಯ ನೀರು ಇವನ್ನು ತುಂಡು ಮಾಡಿ ಹಂಚೋದಲ್ಲ. ಬಾವಿಯನ್ನು ಸರದಿಯ ಮೇಲೆ ಬಳಸಬೇಕು. ಅಪ್ಪ ಉಟ್ಟ ಬಟ್ಟೆ, ಮಲಗಿದ ಹಾಸಿಗೆಯನ್ನು ಶ್ರಾದ್ಧಕ್ಕೆ ಉಂಡವನಿಗೆ ಕೊಡಬೇಕು. ನಮ್ಮ ಕಡೆ ಸತ್ತವರ ಹಾಸಿಗೆ ಬಟ್ಟೆ ಪಟ್ಟಿಗೆ ಸೇರಿಸೋದಿಲ್ಲ, ದಾನ ಕೊಟ್ಟುಬಿಡುತ್ತಾರೆ. ಯಾಕೆ ಅಂತ ಕೇಳಿದರೆ "ಮೊದಲಿಂದ ನಡಕೊಂಡು ಬಂದದ್ರೀ" ಅಂತಾರೆ. ಆ 'ಮೊದಲು' 900 ವರ್ಷಕ್ಕಿಂತ ಹಿಂದಿನದು.

ಮುಸಲ್ಮಾನರ ಮನೆಗಳಲ್ಲಿ ಲೆಕ್ಕ ಬೇರೆ ಇತ್ತು. ಸತ್ತವರು ಬಿಟ್ಟುಹೋದದ್ದಕ್ಕೆ ಉರ್ದುವಿನಲ್ಲಿ ಮತ್ರೂಕಾ ಅನ್ನುತ್ತಾರೆ. ಅದರಲ್ಲಿ ಮೊದಲು ಮಣ್ಣಿನ ಖರ್ಚು, ಆಮೇಲೆ ಸಾಲ, ಅದರಲ್ಲಿ ಹೆಂಡತಿಯ ಮೆಹರೂ ಸೇರಿತು, ಆಮೇಲೆ ಮೂರನೇ ಒಂದು ಭಾಗದೊಳಗಿನ ವಸಿಯತ್ತು. ಇವೆಲ್ಲಾ ಹೋಗಿ 800 ರೂಪಾಯಿಯ ಮಾಲು ಉಳಿಯಿತು ಅನ್ನಿರಿ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದರೆ ಹೆಂಡತಿಗೆ ಎಂಟನೇ ಒಂದು ಪಾಲು, ಅಂದರೆ 100. ಉಳಿದ 700ರಲ್ಲಿ ಮಗನಿಗೆ 350, ಹೆಣ್ಣುಮಕ್ಕಳಿಗೆ ತಲಾ 175. ತಾಮ್ರದ ಹಂಡೆಯನ್ನು ಎಂಟು ಚೂರು ಮಾಡಲು ಬರೋದಿಲ್ಲ. ಆದ್ದರಿಂದ ಪ್ರತಿಯೊಂದು ಸಾಮಾನಿಗೂ ರೂಪಾಯಿ-ಆಣೆ ಕಟ್ಟಲೇಬೇಕು. ಹಿಂದೂ ಮನೆಯಲ್ಲಿ "ದೊಡ್ಡ ಹಂಡೆ ನಿನಗ, ಎರಡು ಕೊಡ ನನಗ" ಅಂತ ಮುಗಿಯುತ್ತಿದ್ದದ್ದು ಇಲ್ಲಿ ತಕ್ಕಡಿ ಹತ್ತುತ್ತಿತ್ತು.

ಬೆಲೆ ಕಟ್ಟುವ ಬಗೆ ಎರಡೂ ಕಡೆ ಒಂದೇ. ಹಿತ್ತಾಳೆ, ತಾಮ್ರ, ಕಂಚು ತೂಕದ ಮೇಲೆ. ಹಳೇ ಲೋಹದ ದರ ಹಿಡಿಯೋದು, ಮಾಡಿದ ಕೂಲಿ ಬಿಡೋದು. ಬಂಗಾರ ಬೆಳ್ಳಿಗೆ ಅಕ್ಕಸಾಲಿಯನ್ನು ಕರೆಸೋದು. 8 ಗುಂಜಿಗೆ 1 ಮಾಸಿ, 12 ಮಾಸಿಗೆ 1 ತೊಲೆ. ಒಂದು ತೊಲೆ ಇವತ್ತಿನ ಲೆಕ್ಕಕ್ಕೆ ಸುಮಾರು 11.66 ಗ್ರಾಂ. ಅರಗು, ಹರಳಿನ ತೂಕ ಕಳೆಯೋದು. ಕಟ್ಟಿಗೆ ಸಾಮಾನಿಗೆ ಪಂಚರ ಅಂದಾಜೇ ಅಂದಾಜು.

ಇಂಥ ಹಳೇ ಪಟ್ಟಿ ಕೈಗೆ ಬಂದರೆ ಓದಲು ಮೂರು ತೊಡಕು. ಒಂದು, ಭಾಷೆ. ಸರಕಾರಿ ಕಾಗದ ಉರ್ದು, ಮನೆಯ ಕಾಗದ ಕನ್ನಡ ಅಥವಾ ತೆಲುಗು, ಒಮ್ಮೊಮ್ಮೆ ಒಂದೇ ಹಾಳೆಯಲ್ಲಿ ಎಲ್ಲಾ. ಎರಡು, ವರ್ಷ. ನಿಜಾಮರ ಕಾಗದದಲ್ಲಿ ಫಸಲಿ ಸನ್ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ. ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿದ್ದರಿಂದ ಜನವರಿ ದಾಟಿದ ತಾರೀಖಿಗೆ 591 ಕೂಡಿಸಬೇಕು. 1358 ಫಸಲಿ ಅಂದರೆ 1948ರ ಅಕ್ಟೋಬರಿನಿಂದ 1949ರ ಅಕ್ಟೋಬರಿನವರೆಗೆ. ಮೂರು, ರೂಪಾಯಿ. ನಿಜಾಮರದು ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ. 7 ಹಾಲಿಗೆ 6 ಕಲ್ದಾರ. ಹಂಡೆಗೆ 14 ರೂಪಾಯಿ ಅಂತ ಬರೆದಿದ್ದರೆ ಅದು ಹಾಲಿಯೋ ಕಲ್ದಾರವೋ ನೋಡಬೇಕು. ಹಾಲಿಯಾದರೆ ಅದು 12 ಕಲ್ದಾರವಷ್ಟೆ. 1948ರ ಪೊಲೀಸ್ ಕಾರ್ಯಾಚರಣೆಯ ನಂತರವೂ ಕೆಲವು ವರ್ಷ ಎರಡೂ ನಾಣ್ಯ ಓಡಾಡಿದವು. ಅಪ್ಪನ ಸಾಲ ಹಾಲಿಯಲ್ಲಿ, ಮಗ ತೀರಿಸಿದ್ದು ಕಲ್ದಾರದಲ್ಲಿ ಅಂದರೆ ಜಗಳಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ನೇಕಾರರ ಮನೆಯ ಪಟ್ಟಿ ಇನ್ನೂ ಸೂಕ್ಷ್ಮ. ಕುಣಿಮಗ್ಗ, ಲಾಳಿ, ಹಣಿಗೆ ಸತ್ತವನದು. ಮಗ್ಗದ ಮೇಲಿನ ಹಾಸು ಬಹಳ ಸಲ ಸಾವಕಾರನದು. ಅರ್ಧ ನೇದ ಸೀರೆಯಲ್ಲಿ ನೂಲು ಒಬ್ಬನದು, ಕೂಲಿ ಇನ್ನೊಬ್ಬನದು. ಆ ಅರ್ಧ ಸೀರೆಯ ಕೂಲಿ ವಿಧವೆಗೆ ಬರಬೇಕೋ, ಮುಂಗಡಕ್ಕೆ ವಜಾ ಆಗಬೇಕೋ? ನನ್ನ ಮಟ್ಟಿಗೆ ನಮ್ಮ ಊರುಗಳ ಆರ್ಥಿಕ ಇತಿಹಾಸವೆಲ್ಲಾ ಈ ಒಂದು ಪ್ರಶ್ನೆಯಲ್ಲಿದೆ. ಸರಕಾರ ಇದನ್ನು ಒಂದಿಷ್ಟು ಗಮನಿಸಿತ್ತು. 1953ರ ಎಸ್ಟೇಟ್ ಡ್ಯೂಟಿ ಕಾಯಿದೆ ಸತ್ತವರ ಆಸ್ತಿಯ ಮೇಲೆ ತೆರಿಗೆ ಹಾಕಿತು. ಸತ್ತ ದಿನ ಪೇಟೆಯಲ್ಲಿ ಮಾರಿದ್ದರೆ ಬರುತ್ತಿದ್ದ ದರವೇ ಬೆಲೆ ಅಂತ ಅದರ ಸೂತ್ರ. ಆದರೆ ಮನೆ ಸಾಮಾನು, ಕುಶಲಕರ್ಮಿಯ ಹತ್ಯಾರ, ಒಕ್ಕಲುತನದ ಸಾಮಾನು ಸೇರಿ 2,500 ರೂಪಾಯಿಯವರೆಗೆ ಮಾಫಿ ಇತ್ತು. ಉಟ್ಟ ಬಟ್ಟೆಗೂ, ಮಾರಾಟಕ್ಕಲ್ಲದ ಪುಸ್ತಕಕ್ಕೂ ತೆರಿಗೆ ಇರಲಿಲ್ಲ. 1985ರ ಮಾರ್ಚಿನಲ್ಲಿ ಆ ತೆರಿಗೆಯೇ ಹೋಯಿತು.

ದೊಡ್ಡವರ ಮನೆಯ ಲೆಕ್ಕವಾದರೂ ಸಲೀಸಾಗಿತ್ತೇ ಅಂದರೆ ಅದೂ ಇಲ್ಲ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1967ರ ಫೆಬ್ರವರಿ 24ರಂದು ತೀರಿಕೊಂಡರು. ಒಡವೆಗಳನ್ನು ಮೊದಲೇ ಟ್ರಸ್ಟಿಗೆ ಸೇರಿಸಿದ್ದರು. 184.75 ಕ್ಯಾರೆಟ್ಟಿನ ಜೇಕಬ್ ವಜ್ರ ಅವರ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟ ಕಲ್ಲಾಗಿತ್ತು ಅಂತ ಪ್ರತೀತಿ. ಬೆಲೆಯ ತಕರಾರು ವರ್ಷಗಟ್ಟಲೆ ನಡೆದು ಕಡೆಗೆ 1995ರಲ್ಲಿ ಭಾರತ ಸರಕಾರ 173 ಒಡವೆಗಳನ್ನು 218 ಕೋಟಿ ರೂಪಾಯಿಗೆ ಕೊಂಡಿತು. ಬೆಲೆ ಅನ್ನೋದು ವಸ್ತುವಿನೊಳಗೆ ಇರೋದಿಲ್ಲ, ಯಾರು ಕೇಳುತ್ತಾರೆ, ಯಾರು ಬರೆಯುತ್ತಾರೆ ಅನ್ನೋದರ ಮೇಲೆ ಇರುತ್ತದೆ. ವಜ್ರಕ್ಕೂ ಅದೇ ಮಾತು, ಹಂಡೆಗೂ ಅದೇ ಮಾತು.

ಪಟ್ಟಿ ಬರೆಯುವವರಲ್ಲಿ ಹೆಣ್ಣುಮಕ್ಕಳು ಇರುತ್ತಿರಲಿಲ್ಲ. ಇದು ನನ್ನ ಮುಖ್ಯ ಮಾತು. ನಮ್ಮ ಮನೆಯಲ್ಲಿ ಉಳಿದಿರುವ ಇಂಥ ಒಂದು ಪಟ್ಟಿಯಲ್ಲಿ ಹಂಡೆ, ಕೊಡ, ಸಮೆ, ಮಂಚಕ್ಕೆಲ್ಲಾ ದರ ಇದೆ. ಬೀಸೋಕಲ್ಲು, ಒಳಕಲ್ಲಿನ ಮುಂದೆ ಗೆರೆ ಎಳೆದು ಬಿಟ್ಟಿದ್ದಾರೆ. ಕಲ್ಲಿಗೆ ಪೇಟೆಯಲ್ಲಿ ದರ ಇಲ್ಲ, ಬೀಸಿದ ಕೈಗೂ ಇಲ್ಲ. ಮದುವೆಯಲ್ಲಿ ಸೊಸೆ ತವರಿಂದ ತಂದ ಕೊಡವೂ ಮನೆಯ ಬಾಂಡೆಯ ಜೊತೆ ತೂಕಕ್ಕೆ ಹತ್ತುತ್ತಿತ್ತು. ಶಾಸ್ತ್ರದ ಪ್ರಕಾರ ಅದು ಸ್ತ್ರೀಧನ. ವಿಜ್ಞಾನೇಶ್ವರ ಸ್ತ್ರೀಧನದ ಅರ್ಥವನ್ನು ಬಹಳ ಹಿಗ್ಗಿಸಿ, ಹೆಣ್ಣಿಗೆ ವಾರಸಿನಿಂದ ಬಂದದ್ದು, ಅವಳು ಕೊಂಡದ್ದೂ ಅವಳದೇ ಅಂದಿದ್ದ. ಆ ಅರ್ಥವನ್ನು ಕುಗ್ಗಿಸಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್. ಊರಿನ ಪಂಚರಂತೂ ಅಷ್ಟು ದೂರ ನೋಡಲೇ ಇಲ್ಲ.

ಮಗಳ ಪಾಲಿನ ಕಥೆಯಲ್ಲಿ ನಮ್ಮ ಗಡಿಯೂ ಬಂದು ಸೇರುತ್ತದೆ. 1956ರ ಜೂನ್ 17ಕ್ಕೆ ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂತು. ಅದೇ ವರ್ಷ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಮಹಬೂಬನಗರಕ್ಕೆ ಸೇರಿ ಆಂಧ್ರಪ್ರದೇಶದ ಪಾಲಾದವು. ಮಕ್ತಲ, ನಾರಾಯಣಪೇಟದ ಕಡೆಯವರು ಮಹಬೂಬನಗರದಲ್ಲೇ ಇದ್ದರು. ಕೃಷ್ಣಾ ಸ್ಟೇಷನ್ನಿನಿಂದ ಹೊಳೆ ದಾಟಿದರೆ ರಾಯಚೂರು, ಆದರೆ ರಾಜ್ಯ ಬೇರೆ.

ತಾಯಿ ಇಲ್ಲದ ಮನೆ, ಪಿತ್ರಾರ್ಜಿತ ಆಸ್ತಿ, ಉಯಿಲಿಲ್ಲ, ಒಬ್ಬ ಮಗ ಒಬ್ಬ ಮಗಳು ಅಂತ ಹಿಡಿಯಿರಿ. 1956ರ ಕಾಯಿದೆಯಂತೆ ಅಪ್ಪ ಮಗನಿಗೆ ಎಂಟೆಂಟಾಣೆ, ಅಪ್ಪನ ಎಂಟಾಣೆಯಲ್ಲಿ ಮಗನಿಗೂ ಮಗಳಿಗೂ ನಾಲ್ಕು ನಾಲ್ಕಾಣೆ. ಕಡೆಗೆ ಮಗನಿಗೆ 12 ಆಣೆ, ಮಗಳಿಗೆ 4 ಆಣೆ. ಆಂಧ್ರಪ್ರದೇಶ ತಂದ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದ ಮದುವೆಯಾಗದ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆಗ ಇಬ್ಬರಿಗೂ ಎಂಟೆಂಟಾಣೆ. ಕರ್ನಾಟಕದಲ್ಲಿ ಅದೇ ಹಕ್ಕು ಬಂದದ್ದು 1994ರ ಜುಲೈ 30ರಿಂದ. ಅಂದರೆ 1990ರಲ್ಲಿ ಮದುವೆಯಾದ ಗದ್ವಾಲದ ಮಗಳಿಗೆ ಸಮಪಾಲು ಇತ್ತು, ಅದೇ ವರ್ಷ ಮದುವೆಯಾದ ರಾಯಚೂರಿನ ಮಗಳಿಗೆ ಇರಲಿಲ್ಲ. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತು ತೆಗೆದು ದೇಶಕ್ಕೆಲ್ಲಾ ಒಂದೇ ಮಾಡಿತು. ಅಪ್ಪ 2005ರಲ್ಲಿ ಬದುಕಿರಬೇಕೆಂಬ ಸಂಶಯವನ್ನು 2020ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು.

1956ರ ಗೆರೆ ನಮ್ಮ ಕನ್ನಡಕ್ಕೆ ಕಷ್ಟ ತಂದಿತು ಅಂತ ನಾವು ಹೇಳುತ್ತಲೇ ಇರುತ್ತೇವೆ, ಅದು ನಿಜ. ಅದೇ ಗೆರೆ ನಮ್ಮ ಹೆಣ್ಣುಮಕ್ಕಳಿಗೆ ಸುಮಾರು 9 ವರ್ಷ ಮುಂಚೆ ಪಾಲು ಕೊಟ್ಟಿತು ಅನ್ನೋದನ್ನೂ ಹೇಳಬೇಕು. ಇತಿಹಾಸ ಬರೆಯುವಾಗ ನಮಗೆ ಬೇಕಾದ ಅರ್ಧ ಮಾತ್ರ ಇಟ್ಟುಕೊಂಡರೆ ನಾವೂ ಆ ಪಂಚರ ಹಾಗೆಯೇ ಆಗುತ್ತೇವೆ. ಕಾಯಿದೆ ಕೊಟ್ಟದ್ದು ಕೈಗೆ ಬಂತೇ ಅನ್ನೋದು ಬೇರೆ ಮಾತು. "ತವರಿನ ಬಾಗಿಲು ತೆರೆದಿರಲಿ" ಅಂತ ಎಷ್ಟೋ ಅಕ್ಕತಂಗಿಯರು ಒಂದು ಸೀರೆ ತಗೊಂಡು ಹಕ್ಕುಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ. ಆ ಸೀರೆಯ ಬೆಲೆ ಯಾವ ಪಟ್ಟಿಯಲ್ಲೂ ಇಲ್ಲ.

ಆದ್ದರಿಂದ ಓದುವವರಲ್ಲಿ ಎರಡು ಮಾತು. ಅಟ್ಟದ ಮೇಲೆ, ತಿಜೋರಿಯೊಳಗೆ ಇಂಥ ಪಾಲುಪಟ್ಟಿ ಸಿಕ್ಕರೆ ಹರಿದು ಹಾಕಬೇಡಿ. ಉರ್ದು ಬಲ್ಲ ಹಿರಿಯರು ಇರುವಾಗಲೇ ಓದಿಸಿ, ಫಸಲಿಗೆ ಇಸವಿ ಹಾಕಿ, ಒಂದು ನಕಲು ನಮ್ಮ ವಾಚನಾಲಯಕ್ಕೆ ಕೊಡಿ. ಎರಡನೆಯದು, ಮುಂದೆ ನಿಮ್ಮ ಮನೆಯಲ್ಲಿ ಪಟ್ಟಿ ಬರೆಯುವ ದಿನ ಬಂದಾಗ ಹೆಣ್ಣುಮಕ್ಕಳನ್ನು ಒಳಗಿನಿಂದ ಕರೆದು ಪಂಕ್ತಿಯಲ್ಲಿ ಕೂಡಿಸಿ ಬರೆಯಿರಿ. ಯಾವ ಕೊಡ ಯಾರ ತವರಿನದು ಅನ್ನೋದು ಅವರಿಗೇ ಗೊತ್ತಿರುತ್ತದೆ.