ವಿಕಿಗೆ ಕಪಾಟು ಬಂದ ಕಥೆ

ಫೋನಿನಲ್ಲಿ ಏನಾದರೂ ಹುಡುಕಿದರೆ ವಿಕಿಪೀಡಿಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆದರೆ ವಿಕಿ ಎಂಬುದು ಹುಟ್ಟಿದ್ದು ವಿಶ್ವಕೋಶ ಬರೆಯುವುದಕ್ಕಲ್ಲ. ಸಾಫ್ಟ್‌ವೇರ್ ಮಾಡುವವರು ತಮ್ಮ ಅನುಭವವನ್ನು ಬರೆದಿಟ್ಟುಕೊಳ್ಳಲಿ ಎಂದು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1995ರ ಮಾರ್ಚ್ 25ರಂದು ಮೊದಲ ವಿಕಿ ಶುರುಮಾಡಿದರು. ಹೆಸರು ಬಂದದ್ದು ಹವಾಯಿಯ ಹೊನೊಲುಲು ವಿಮಾನ ನಿಲ್ದಾಣದ 'ವಿಕಿ ವಿಕಿ' ಬಸ್ಸಿನಿಂದ. ಅಲ್ಲಿನ ಭಾಷೆಯಲ್ಲಿ ಹಾಗೆಂದರೆ ಬೇಗ ಬೇಗ.

ಆ ವಿಕಿಯಲ್ಲಿ ಫೋಲ್ಡರ್‌ಗಳೇ ಇರಲಿಲ್ಲ. ಕಣದಲ್ಲಿ ಕಾಳು ಹರಡಿದ ಹಾಗೆ ಎಲ್ಲ ಪುಟಗಳೂ ಒಂದೇ ಮಟ್ಟದಲ್ಲಿ. ಎರಡು ಇಂಗ್ಲಿಷ್ ಪದಗಳನ್ನು ನಡುವೆ ಜಾಗ ಬಿಡದೆ, ಪ್ರತಿ ಪದದ ಮೊದಲಕ್ಷರವನ್ನು ದೊಡ್ಡದಾಗಿ ಬರೆದರೆ ಅದೇ ಇನ್ನೊಂದು ಪುಟಕ್ಕೆ ಕೊಂಡಿ. (ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲ. ಆ ಪದ್ಧತಿಯೇ ಉಳಿದಿದ್ದರೆ ನಮ್ಮ ಭಾಷೆಯಲ್ಲಿ ವಿಕಿ ಮಾಡುವುದು ಕಷ್ಟವಿತ್ತು. ಜೋಡಿ ಚೌಕಾವರಣ ಬಂದಿದ್ದು ನಮ್ಮ ಪುಣ್ಯ.)

ಪುಟಗಳು ಹೆಚ್ಚಾದಂತೆ ಹುಡುಕುವುದು ತ್ರಾಸವಾಯಿತು. ಅದಕ್ಕೆ ಅವರು ಕಂಡುಕೊಂಡ ಉಪಾಯ ನಮಗೆ ಬಹಳ ಹಿಡಿಸಿತು. ಒಂದು ವಿಷಯದ ಹೆಸರಿನಲ್ಲಿ ಒಂದು ಪುಟ ಮಾಡುವುದು. ಆ ವಿಷಯದ ಬಗ್ಗೆ ಯಾವ ಪುಟ ಬರೆದರೂ ಅದರ ಕೊನೆಯಲ್ಲಿ ಆ ಹೆಸರನ್ನು ಸೇರಿಸುವುದು. ವಿಷಯದ ಪುಟಕ್ಕೆ ಹೋಗಿ ತಲೆಬರಹವನ್ನು ಒತ್ತಿದರೆ, ಅದರ ಹೆಸರು ಎಲ್ಲೆಲ್ಲಿ ಬಂದಿದೆಯೋ ಆ ಪುಟಗಳ ಪಟ್ಟಿ ಬರುತ್ತಿತ್ತು. ಯಾವ ಪುಟವನ್ನೂ ಎತ್ತಿ ಬೇರೆ ಕಡೆ ಇಡುವ ಕೆಲಸವೇ ಇಲ್ಲ.

ಕಂಪನಿಗಳಿಗೆ ಇಷ್ಟು ಸಾಲಲಿಲ್ಲ. ಹತ್ತು ತಂಡಗಳ ಟಿಪ್ಪಣಿ ಒಂದೇ ರಾಶಿಯಲ್ಲಿದ್ದರೆ, ಸರ್ವರ್ ಕೆಟ್ಟ ರಾತ್ರಿ ಅದನ್ನು ಎಬ್ಬಿಸುವ ವಿಧಾನ ಯಾವ ಪುಟದಲ್ಲಿದೆ ಎಂದು ಹೊಸಬನಿಗೆ ಹೇಗೆ ಗೊತ್ತಾಗಬೇಕು? ಬರೆದಿಟ್ಟವನು ಕೆಲಸ ಬಿಟ್ಟು ಹೋಗಿರುತ್ತಾನೆ. 1998ರಲ್ಲಿ ಪೀಟರ್ ಥೋನಿ ಆರಂಭಿಸಿದ ಟಿವಿಕಿಯಲ್ಲಿ ತಂಡಕ್ಕೊಂದು ಅಂಕಣದಂತೆ ವಿಕಿಯನ್ನು ಪಾಲು ಮಾಡಬಹುದಿತ್ತು. 2004ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯ ಕಾನ್‌ಫ್ಲುಯೆನ್ಸ್ ಬಂತು. ಅದರಲ್ಲಿ ಪುಟದ ಕೆಳಗೆ ಪುಟ, ಅದರ ಕೆಳಗೆ ಇನ್ನೊಂದು, ವಂಶವೃಕ್ಷದ ಹಾಗೆ. ತಮಾಷೆಯೆಂದರೆ ಅಲ್ಲೂ ಫೋಲ್ಡರ್ ಇರಲಿಲ್ಲ. ಜನ ತಲೆಬರಹ ಮಾತ್ರ ಇರುವ ಖಾಲಿ ಪುಟ ಮಾಡಿ, ಅದನ್ನೇ ಫೋಲ್ಡರ್ ಎಂದುಕೊಂಡು ಉಳಿದವನ್ನು ಅದರಡಿ ತುಂಬುತ್ತಿದ್ದರು. ನಿಜವಾದ ಫೋಲ್ಡರ್ ಬರಲು 2024 ಆಗಬೇಕಾಯಿತು.

ಇದಕ್ಕೆ ಇಪ್ಪತ್ತು ವರ್ಷ ಏಕೆ ಎಂದು ನೀವು ಕೇಳಬಹುದು. ವಿಕಿಪೀಡಿಯದ ಮೊದಲ ವರ್ಷ ನೋಡಿದರೆ ಉತ್ತರ ಸಿಗುತ್ತದೆ. 2001ರಲ್ಲಿ ಅದು ಶುರುವಾದಾಗ ಉಪಪುಟಗಳಿದ್ದವು: ದೇಶದ ಹೆಸರು, ಓರೆಗೆರೆ, ಆಮೇಲೆ 'ಇತಿಹಾಸ'. ನೋಡಲು ಅಚ್ಚುಕಟ್ಟು. ಆದರೆ ಎರಡು ದೇಶಗಳ ನಡುವಿನ ಯುದ್ಧ ಯಾರ ಕೆಳಗೆ ಹೋಗಬೇಕು? ಒಂದರ ಕೆಳಗೆ ಇಟ್ಟರೆ ಇನ್ನೊಂದಕ್ಕೆ ಅದು ಸೇರಿದ್ದಲ್ಲ ಎಂದಾಗುತ್ತದೆ. ಹಾಗಾಗಿ 2002ರಲ್ಲಿ ತಂತ್ರಾಂಶ ಬದಲಾದಾಗ ಲೇಖನಗಳಿಗೆ ಉಪಪುಟ ನಿಂತಿತು. ಚರ್ಚೆಯ ಪುಟ, ಸದಸ್ಯರ ಪುಟಗಳಂಥ ಕಡೆ ಉಳಿಯಿತು. 2004ರ ಮೇ ತಿಂಗಳಲ್ಲಿ 'ವರ್ಗ'ಗಳು ಬಂದವು. ಕನಿಂಗ್‌ಹ್ಯಾಮ್ ವಿಕಿಯ ಹಳೇ ಉಪಾಯವೇ, ಹೊಸ ಬಟ್ಟೆ ತೊಟ್ಟು ಬಂದಿತ್ತು.

ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ಕುವೆಂಪು ಹುಟ್ಟಿದ್ದು ಇಂದಿನ ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯಲ್ಲಿ, ಕುಲಪತಿಯಾಗಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ. ಜಿಲ್ಲೆಗೊಂದು ಫೋಲ್ಡರ್ ಮಾಡಿದರೆ ಅವರ ಪುಟ ಎಲ್ಲಿ? ಚಿಕ್ಕಮಗಳೂರಿನಲ್ಲಿಟ್ಟರೆ ತೀರ್ಥಹಳ್ಳಿಯವರು ಸುಮ್ಮನಿರುತ್ತಾರೆಯೇ! 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಈ ಜಗಳ ಬೇಕಿಲ್ಲ. ಒಂದೇ ಪುಟಕ್ಕೆ ಎಷ್ಟು ವರ್ಗಗಳ ಚೀಟಿಯನ್ನಾದರೂ ಅಂಟಿಸಬಹುದು: ಕವಿ, ಕಾದಂಬರಿಕಾರ, ಜ್ಞಾನಪೀಠ ಪುರಸ್ಕೃತರು.

ಹಾಗೆಂದು ಚೀಟಿಯೇ ಮೇಲು ಎನ್ನಲು ನಾವು ತಯಾರಿಲ್ಲ. ಚೀಟಿ ಅಂಟಿಸುವುದನ್ನು ಒಬ್ಬರು ಮರೆತರೂ ಆ ಪುಟ ಪಟ್ಟಿಯಿಂದ ಮಾಯ. ಫೋಲ್ಡರ್ ಕನಿಷ್ಠ ಪಕ್ಷ 'ಇದನ್ನು ಎಲ್ಲಿಡುತ್ತೀರಿ' ಎಂದು ಕೇಳುತ್ತದೆ. ಆದರೆ ಪುಟದ ವಿಳಾಸದಲ್ಲೇ ಫೋಲ್ಡರ್ ಹೆಸರು ಸೇರಿರುವ ವಿಕಿಗಳಲ್ಲಿ ಜಾಗ ಬದಲಿಸಿದರೆ ಹಳೆಯ ಕೊಂಡಿಗಳು ಮುರಿಯುತ್ತವೆ; ಮನೆ ಬದಲಿಸಿದವರಿಗೆ ಹಳೇ ವಿಳಾಸಕ್ಕೆ ಕಾಗದ ಹೋದ ಹಾಗೆ. ಕೆಲವು ತಂಡಗಳು ಎರಡನ್ನೂ ಇಟ್ಟುಕೊಂಡಿವೆ. ತಂಡಕ್ಕೆ ಫೋಲ್ಡರ್, ವಿಷಯಕ್ಕೆ ಚೀಟಿ.

ನಮ್ಮ ಗುಂಪಿನ ಟಿಪ್ಪಣಿಗಳಲ್ಲೂ ಇದೇ ತಕರಾರು ನಡೆದಿದೆ. ಕೆರೆ ಒತ್ತುವರಿಯ ಬಗ್ಗೆ ಬರೆದದ್ದು ಊರಿನ ಫೋಲ್ಡರಿಗೋ, ನೀರಿನ ಫೋಲ್ಡರಿಗೋ? ಸದ್ಯಕ್ಕೆ ಊರಿನದರಲ್ಲಿದೆ, 'ಕೆರೆ' ಎಂಬ ಚೀಟಿಯೊಂದಿಗೆ.