ಸಿಂಪಡಿಸದ ತಾಕಿನ ಸಾಕ್ಷ್ಯ: ಆದವಾನಿ ಸೀಮೆಯ ಹತ್ತಿ ಮತ್ತು ಕೀಟನಾಶಕ ಪರೀಕ್ಷೆಗಳ ಒಂದು ತಪ್ಪು ವಾಚನ

ಹತ್ತಿಯ ಕಾಯಿಕೊರಕ ಹುಳುಗಳ ಮೇಲೆ ನಡೆದ ಕೀಟನಾಶಕ ಪರೀಕ್ಷೆಗಳ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಡಿಡಿಟಿಯಿಂದ ಎಂಡೋಸಲ್ಫಾನಿಗೆ, ಅಲ್ಲಿಂದ ಕ್ವಿನಾಲ್‌ಫಾಸ್, ಮಾನೋಕ್ರೋಟೋಫಾಸ್‌ಗಳಿಗೆ, ತರುವಾಯ 1980ರ ದಶಕದ ಪೈರೆಥ್ರಾಯ್ಡುಗಳಿಗೆ, ಕಟ್ಟಕಡೆಗೆ 2002ರ ಬಿಟಿ ಹತ್ತಿಗೆ ಇಳಿದುಬರುವ ಒಂದು ವಂಶಾವಳಿಯನ್ನು ನಮ್ಮ ಮುಂದಿಡುತ್ತಾರೆ. ಈ ವಂಶಾವಳಿಗೆ ಆಧಾರವಾಗಿ ಅವರು ಪರೀಕ್ಷಾಕೋಷ್ಟಕಗಳಿಂದ ಎತ್ತಿಕೊಳ್ಳುವುದು ಹುಳುವಿನ ಸಂಖ್ಯೆ ಶೇಕಡಾ ಎಷ್ಟು ಇಳಿಯಿತೆಂಬ ಒಂದೇ ಅಂಕಿಯನ್ನು. ಕೋಷ್ಟಕದ ತಳದಲ್ಲಿ, ಯಾವ ಔಷಧವನ್ನೂ ಹೊಡೆಯದೆ ಬಿಟ್ಟ ತಾಕಿನ ಲೆಕ್ಕವನ್ನು ಹೊತ್ತು ನಿಂತಿರುವ ಆ ಕೊನೆಯ ಸಾಲನ್ನು ಭಾಗಾಕಾರಕ್ಕೆ ಬಳಸಿಕೊಂಡು ಬಿಸಾಡುವುದೇ ರೂಢಿ. ಇದು ಒಬ್ಬ ಲೇಖಕರ ದೋಷವಲ್ಲ, ಒಂದು ಪರಂಪರೆಯ ದೋಷ. ಆದಕಾರಣ ಹೆಸರು ಹಿಡಿದು ಹೇಳುವ ಅಗತ್ಯವಿಲ್ಲ. ಆದರೆ ಆದವಾನಿಯನ್ನೊಳಗೊಂಡ ಪಶ್ಚಿಮ ಕರ್ನೂಲಿನ ಮಟ್ಟಿಗೆ ಈ ವಾಚನ ಸಾಧುವಲ್ಲವೆಂದೂ, ಬಿಸಾಡಿದ ಆ ಸಾಲೇ ಇಲ್ಲಿಯ ಮುಖ್ಯ ಸಾಕ್ಷಿಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಆದವಾನಿ ಮತ್ತು ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯವು. ಇಲ್ಲಿಯ ಎರೆನೆಲದಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಜವಾರಿ ಹತ್ತಿ ವ್ಯಾಪಾರದಲ್ಲಿ ‘ವೆಸ್ಟರ್ನ್ಸ್’ ಎನಿಸಿಕೊಂಡಿತ್ತು. ನಂದ್ಯಾಲದ ಕಡೆಯ ‘ನಾರ್ದರ್ನ್ಸ್’ ಬೇರೊಂದು ಜಾತಿಯ ಹತ್ತಿ. ಹಗರಿಯ ಕೃಷಿಕ್ಷೇತ್ರವೂ ನಂದ್ಯಾಲದ ಕ್ಷೇತ್ರವೂ 1906ರಲ್ಲಿಯೇ ಆರಂಭವಾದವು. ಗಡಿಯನ್ನು ಎಳೆದಾಗ ಹಗರಿ ಮೈಸೂರಿಗೆ ಬಂದು, ಹಗರಿಯ ಮಗ್ಗುಲಿನ ಆಲೂರು, ಆದವಾನಿಗಳು ದೂರದ ನಂದ್ಯಾಲದ ಪಾಲಾದವು. 2022ರಲ್ಲಿ ನಂದ್ಯಾಲವೇ ಬೇರೆ ಜಿಲ್ಲೆಯಾಗಿ ಈ ವಿಚ್ಛೇದ ಇನ್ನೊಂದು ಸುತ್ತು ಪೂರೈಸಿತು. ಒಂದೇ ಮಣ್ಣಿನ, ಒಂದೇ ಮಳೆಯ ದಾಖಲೆ ಹೀಗೆ ಎರಡು ರಾಜ್ಯಗಳ ಕಪಾಟುಗಳಲ್ಲಿ ಹಂಚಿಹೋಗಿರುವಾಗ, ಕರಾವಳಿಯ ಗುಂಟೂರಿನಲ್ಲಿ ಕುಳಿತು ಬರೆದ ಇತಿಹಾಸವನ್ನು ಆದವಾನಿಯ ಇತಿಹಾಸವೆಂದು ಒಪ್ಪಿಕೊಳ್ಳುವುದು ಸುಲಭವಾಯಿತು. (ಹಗರಿಯ ಪಕ್ಷಪಾತವೆಂದು ಯಾರಾದರೂ ಇದನ್ನು ಆಕ್ಷೇಪಿಸಿದರೆ ನನ್ನದೇನೂ ತಕರಾರಿಲ್ಲ; ಗುಂಟೂರಿನ ಪಕ್ಷಪಾತವನ್ನು ಪಾಂಡಿತ್ಯವೆಂದು ಕರೆಯದಿದ್ದರೆ ಸಾಕು.)

ಈಗ ಆ ಶೇಕಡಾ ಅಂಕಿಯ ವಿಚಾರ. ಅದರ ಮೂಲ ಡಬ್ಲ್ಯು. ಎಸ್. ಅಬಟ್ 1925ರಲ್ಲಿ ಅಮೆರಿಕದ ಆರ್ಥಿಕ ಕೀಟಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದ ಮೂರು ಪುಟದ ಟಿಪ್ಪಣಿ. ಸಿಂಪಡಿಸದೆಡೆ ಬದುಕಿ ಉಳಿದ ಪ್ರಮಾಣದಿಂದ ಸಿಂಪಡಿಸಿದೆಡೆ ಉಳಿದದ್ದನ್ನು ಕಳೆದು, ಬಂದ ಶೇಷವನ್ನು ಮೊದಲಿನದರಿಂದ ಭಾಗಿಸಿ ನೂರರಿಂದ ಗುಣಿಸಬೇಕೆಂಬುದೇ ಅದರ ಸಾರ. ಅಬಟ್ ಮಹಾಶಯನ ಕಣ್ಣೆದುರಿಗಿದ್ದದ್ದು ಹಣ್ಣಿನ ಮರಗಳ ಸಾನ್ ಹೋಸೆ ಶಲ್ಕಕೀಟ. ಒಮ್ಮೆ ತೊಗಟೆಗೆ ಅಂಟಿತೆಂದರೆ ಸತ್ತರೂ ಬದುಕಿದರೂ ಅಲ್ಲಿಯೇ ಇರತಕ್ಕ ಪ್ರಾಣಿ. ಅಂಥದಕ್ಕೆ ಈ ಲೆಕ್ಕ ನಿರ್ದುಷ್ಟವಾದದ್ದು. ಹತ್ತಿಯ ಹಸಿರು ಕಾಯಿಕೊರಕ ಹುಳುವಾದರೋ ಮೊಗ್ಗಿನಿಂದ ಮೊಗ್ಗಿಗೆ, ಕಾಯಿಂದ ಕಾಯಿಗೆ ಹರಿಯುತ್ತದೆ. ಅದರ ಪತಂಗ ರಾತ್ರಿ ಎಲ್ಲಿಂದಲೋ ಹಾರಿಬಂದು ಯಾವ ತಾಕಿನಲ್ಲಾದರೂ ಮೊಟ್ಟೆಯಿಡುತ್ತದೆ. ನಿಶ್ಚಲ ಜೀವಿಗೆ ಹೊಲಿದ ಅಂಗಿಯನ್ನು ಸಂಚಾರಿಗೆ ತೊಡಿಸಿ, ಅದು ಸರಿಹೊಂದಿತೆಂದು ಸಾಧಿಸಿದವರು ಅಬಟ್ ಅಲ್ಲ, ಅವನ ಅನುಯಾಯಿಗಳು. 1955ರಲ್ಲಿ ಹೆಂಡರ್ಸನ್ ಮತ್ತು ಟಿಲ್ಟನ್ ಗೋಧಿಯ ನುಸಿಯನ್ನು ಕುರಿತು ಬರೆಯುವಾಗ, ಸಿಂಪಡಣೆಗೆ ಮುಂಚಿನ ಎಣಿಕೆಯನ್ನೂ ಎರಡೂ ತಾಕುಗಳಿಂದ ಸೇರಿಸಿಕೊಂಡು ಲೆಕ್ಕವನ್ನು ತಿದ್ದಿದರು. ತಿದ್ದುಪಡಿ ಯುಕ್ತವಾದದ್ದೇ. ಆದರೆ ನಾನು ಎತ್ತುತ್ತಿರುವ ಆಕ್ಷೇಪವನ್ನು ಅದು ಮುಟ್ಟುವುದಿಲ್ಲ.

ಆ ಆಕ್ಷೇಪವನ್ನು ಒಂದು ಕಲ್ಪಿತ ಉದಾಹರಣೆಯಿಂದ ಹೇಳುವೆನು. ಒಂದು ವರ್ಷ ಸಿಂಪಡಿಸದ ತಾಕಿನ ಹತ್ತು ಗಿಡಗಳಲ್ಲಿ 20 ಹುಳುಗಳೂ ಸಿಂಪಡಿಸಿದ ತಾಕಿನ ಹತ್ತು ಗಿಡಗಳಲ್ಲಿ 4 ಹುಳುಗಳೂ ಸಿಕ್ಕವೆನ್ನೋಣ. ಇಳಿತ ಶೇಕಡಾ 80. ಮಗುದೊಂದು ವರ್ಷ ಅದೇ ಔಷಧ, ಅದೇ ಪ್ರಮಾಣ. ಸಿಂಪಡಿಸದೆಡೆ 5, ಸಿಂಪಡಿಸಿದೆಡೆ 1. ಇಳಿತ ಮತ್ತೆ ಶೇಕಡಾ 80. ಇತಿಹಾಸಕಾರರ ಪಟ್ಟಿಯಲ್ಲಿ ಎರಡೂ ವರ್ಷಗಳು ಸರಿಸಮಾನ ವಿಜಯಗಳು. ಆದರೆ ಗಿಡಕ್ಕೊಂದು ಹುಳು ಕಂಡಾಗ ಮಾತ್ರ ಔಷಧ ಹೊಡೆಯತಕ್ಕದ್ದೆಂದು ಇಲಾಖೆಗಳೇ ಬೋಧಿಸುತ್ತಿರುವ ಆರ್ಥಿಕ ಹಾನಿಯ ಮಿತಿಯನ್ನು ಇಲ್ಲಿಗೆ ಅನ್ವಯಿಸಿದರೆ, ಮೊದಲ ವರ್ಷ ಔಷಧ ಅವಶ್ಯವಾಗಿತ್ತು. ಎರಡನೆಯ ವರ್ಷ ಗಿಡಕ್ಕೆ ಅರ್ಧ ಹುಳುವಷ್ಟೇ ಇದ್ದು, ಹೊಡೆದದ್ದೆಲ್ಲ ವ್ಯರ್ಥವಾಗಿತ್ತು. ಶೇಕಡಾ ಅಂಕಿ ಅಡಗಿಸುವುದು ಇದನ್ನೇ. ‘ಯಾವ ಎಣ್ಣೆ ಹೊಡೆಯಲಿ’ ಎಂದು ರೈತ ಕೇಳಿದರೆ ಅದು ಉತ್ತರ ಕೊಟ್ಟೀತು. ‘ಎಣ್ಣೆ ಹೊಡೆಯಲೇಬೇಕೆ’ ಎಂದು ಕೇಳಿದರೆ ಉತ್ತರ ಕೊಡಬಲ್ಲದ್ದು ಕೊನೆಯ ಸಾಲೊಂದೇ. ನೀರಾವರಿಯಲ್ಲಿ ದಟ್ಟವಾಗಿ ಬೆಳೆದ ಬೆಳೆಗೆ ಮೊದಲನೆಯ ಪ್ರಶ್ನೆ ದೊಡ್ಡದಿರಬಹುದು. ಮಳೆ ಕೈಕೊಟ್ಟರೆ ಹೂಡಿದ ಹಣವೂ ಮಣ್ಣುಪಾಲಾಗುವ ಆದವಾನಿಯ ಎರೆಹೊಲಕ್ಕೆ ಎರಡನೆಯದೇ ದೊಡ್ಡದು.

ಸಿಂಪಡಿಸದ ತಾಕೂ ಶುದ್ಧ ಸಾಕ್ಷಿಯಲ್ಲವೆಂದು ಪ್ರತಿವಾದಿಗಳು ಹೇಳುವರು, ಮತ್ತು ಈ ಮಾತಿನಲ್ಲಿ ಹುರುಳಿದೆ. ಪರೀಕ್ಷೆಯ ತಾಕುಗಳು ಕಿರಿದು. ಸುತ್ತಲೂ ಸಿಂಪಡಿಸಿದ ತಾಕುಗಳು. ಗಾಳಿಗೆ ತೂರಿಬಂದ ಔಷಧ ನಡುವಿನ ತಾಕಿನ ಜೇಡ, ಗುಲಗಂಜಿ ಹುಳು, ಪರತಂತ್ರ ಕಣಜಗಳನ್ನು ಕೊಂದೀತು. ಆಗ ಅಲ್ಲಿ ಹೆಚ್ಚಿದ ಕಾಯಿಕೊರಕವನ್ನು ಪ್ರಕೃತಿಯ ತಲೆಗೆ ಕಟ್ಟಲಾಗದು. ಸೂಡಾನಿನ ಗೆಜಿರಾದಲ್ಲಿ, ನಮ್ಮಂಥದೇ ಜಿಗುಟು ಕಪ್ಪುನೆಲದ ಹತ್ತಿಯಲ್ಲಿ, ಸಿಂಪಡಣೆಯ ಪರೀಕ್ಷೆಗೆ ತಾಕು ಎಷ್ಟು ದೊಡ್ಡದಿರಬೇಕೆಂಬ ಪ್ರಶ್ನೆಯನ್ನೇ ಜಾಯ್ಸ್ ಮತ್ತು ರಾಬರ್ಟ್ಸ್ 1959ರಷ್ಟು ಹಿಂದೆಯೇ ಕೈಗೆತ್ತಿಕೊಂಡಿದ್ದರು. ಸಸ್ಯರೋಗಗಳ ವಿಷಯದಲ್ಲಿ ವ್ಯಾಂಡರ್‌ಪ್ಲಾಂಕ್ 1963ರಲ್ಲಿ ಇದೇ ಬಗೆಯ ಗುಪ್ತದೋಷವನ್ನು ಎತ್ತಿ ತೋರಿಸಿದನು. ಆದರೆ ಈ ಆಕ್ಷೇಪ ಕೊನೆಯ ಸಾಲನ್ನು ಕೆಡಿಸಿದರೆ, ಆ ಸಾಲಿನಿಂದಲೇ ಭಾಗಿಸಿ ಪಡೆದ ಶೇಕಡಾ ಅಂಕಿಯನ್ನು ಇಮ್ಮಡಿ ಕೆಡಿಸುತ್ತದೆ. ಛೇದವನ್ನು ಅವಿಶ್ವಾಸದಿಂದ ನೋಡಿ ಭಾಗಲಬ್ಧವನ್ನು ಪೂಜಿಸುವುದು ಯಾವ ಗಣಿತವೋ ನಾನರಿಯೆ.

ಗುಲಾಬಿ ಕಾಯಿಕೊರಕದ ವಿಷಯದಲ್ಲಿ ತೊಡಕು ಇನ್ನೂ ಆಳವಾದದ್ದು. ಮೊಟ್ಟೆಯೊಡೆದ ಮರಿ ಬೇಗನೆ ಹೂವು ಕಾಯಿಗಳನ್ನು ಹೊಕ್ಕು, ಹೊಕ್ಕ ರಂಧ್ರ ಮುಚ್ಚಿಹೋಗುವುದರಿಂದ, ಗಿಡದ ಮೇಲೆ ಹುಳು ಎಣಿಸುವ ಲೆಕ್ಕವೇ ಇಲ್ಲಿ ನಿರರ್ಥಕ. ಹಸಿ ಕಾಯಿಗಳನ್ನು ಸೀಳಿ ನೋಡಬೇಕು. ಮೇಲಾಗಿ ಅದು ಬಿತ್ತಿನೊಳಗೆ ಅಡಗಿ ತಿಂಗಳುಗಟ್ಟಲೆ ನಿದ್ರಿಸಿ, ಹತ್ತಿ ಬಿಡಿಸುವ ಜಿನ್ನುಗಳ ಬೀಜದ ರಾಶಿಯಿಂದ ಪತಂಗವಾಗಿ ಏಳಬಲ್ಲದು. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲೊಂದಾದ ಆದವಾನಿಯ ಮಗ್ಗುಲಿನ ತಾಕೂ ಮಾರುಕಟ್ಟೆಯಿಂದ ದೂರದ ಆಲೂರಿನ ತಾಕೂ ಒಂದೇ ಅಲ್ಲ. 1919ರ ಮದರಾಸಿನ ಕೃಷಿಪೀಡೆ ಮತ್ತು ರೋಗಗಳ ಕಾಯಿದೆಯ ಮೇರೆಗೆ ಕಾಂಬೋಡಿಯಾ ಹತ್ತಿಯ ಹಳೆಯ ಗಿಡಗಳನ್ನು ಗೊತ್ತುಪಡಿಸಿದ ಅವಧಿಯೊಳಗೆ ಕೀಳಿಸುತ್ತಿದ್ದವರು ಈ ಹುಳುವನ್ನು ಹೊಲದ ಆಚೆಯಿಂದ ನೋಡಿದ್ದರು. ಟಿ. ವಿ. ರಾಮಕೃಷ್ಣ ಅಯ್ಯರ್ ಅವರ 1940ರ ಕೀಟಶಾಸ್ತ್ರದ ಕೈಪಿಡಿಯ ಕಾಲಕ್ಕೆ ಡಿಡಿಟಿ ಇನ್ನೂ ಈ ದೇಶದ ಹೊಲಗಳಿಗೆ ಬಂದಿರಲಿಲ್ಲ. ಅಷ್ಟರಿಂದಲೇ ಅಂದಿನವರನ್ನು ‘ಪೂರ್ವಪೀಠಿಕೆ’ಯ ಒಂದು ಪ್ಯಾರಾಕ್ಕೆ ದೂಡುವುದು ಅನ್ಯಾಯ.

ಇನ್ನು 1987ರ ಹಂಗಾಮು. ಕರಾವಳಿಯ ಗುಂಟೂರು, ಪ್ರಕಾಶಂ ಜಿಲ್ಲೆಗಳಲ್ಲಿ ಪೈರೆಥ್ರಾಯ್ಡುಗಳು ಹಸಿರು ಹುಳುವಿನ ಮುಂದೆ ಸೋತು ಬೆಳೆ ನಾಶವಾಯಿತು. ಕಲಬೆರಕೆ ಔಷಧವೇ ಕಾರಣವೆಂಬ ವಾದ ಆಗ ಬಲವಾಗಿತ್ತು. ಹುಳುವೇ ನಿರೋಧಶಕ್ತಿ ಗಳಿಸಿತ್ತೆಂಬುದನ್ನು ಮೆಕ್ಯಾಫ್ರಿ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದರು. ಹುಳುವಿನ ಮೈಮೇಲೆ ಅಳೆದ ಪ್ರಮಾಣದ ವಿಷವನ್ನು ಹನಿಸಿ ಅರ್ಧದಷ್ಟು ಸಾಯುವ ಮಾತ್ರೆಯನ್ನು ಕಂಡುಹಿಡಿಯುವ ಪ್ರಯೋಗಾಲಯದ ಕ್ರಮದಿಂದಲ್ಲದೆ, ಹೊಲದ ಶೇಕಡಾ ಅಂಕಿಯಿಂದ ಇದು ಇತ್ಯರ್ಥವಾಗುವಂಥದಲ್ಲ. ಆ ಪ್ರಬಂಧದ ಶಿರೋನಾಮೆಯಲ್ಲಿ ‘ಆಂಧ್ರಪ್ರದೇಶ’ವೆಂದಿರುವುದನ್ನು ಹಿಡಿದು, ಅಂದಿನ ಅವಿಭಕ್ತ ರಾಜ್ಯದ ಮೂಲೆಮೂಲೆಯ ಹುಳುವಿಗೂ ಅದೇ ಚರಿತ್ರೆಯನ್ನು ಆರೋಪಿಸಿದವರು ಮಾತ್ರ ಮೆಕ್ಯಾಫ್ರಿಯನ್ನು ಓದಿಲ್ಲ, ಶಿರೋನಾಮೆಯನ್ನಷ್ಟೇ ಓದಿದ್ದಾರೆ. ನಿರೋಧಶಕ್ತಿ ಹೊಡೆದ ಔಷಧದ ಒತ್ತಡದಿಂದ ಬೆಳೆಯುವಂಥದು; ಬೆಳೆಗೆ ಮೇಲಿಂದ ಮೇಲೆ ಹೊಡೆದ ಸೀಮೆಯ ಒತ್ತಡವನ್ನು ಮಳೆಯಾಶ್ರಯದ ಸೀಮೆಗೆ ಸಾಕ್ಷ್ಯವಿಲ್ಲದೆ ಸಾಲ ಕೊಡಲಾಗದು.

ಬಿಟಿ ಹತ್ತಿಗೆ 2002ರ ಮಾರ್ಚ್ 26ರಂದು ಅನುಮತಿ ದೊರೆತಾಗ, ಹೊಲದ ಶೇಕಡಾ 20ರಷ್ಟು ಜಾಗದಲ್ಲಾಗಲಿ, ಸುತ್ತಲೂ ಐದು ಸಾಲುಗಳಲ್ಲಾಗಲಿ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ, ಹುಳು ನಿರೋಧಶಕ್ತಿ ಗಳಿಸದಿರಲೆಂದು ಬಿಟಿಯಲ್ಲದ ಹತ್ತಿಯನ್ನು ಆಶ್ರಯಬೆಳೆಯಾಗಿ ಬಿತ್ತಬೇಕೆಂಬ ಷರತ್ತಿತ್ತು. 450 ಗ್ರಾಂ ಬೀಜದ ಪೊಟ್ಟಣದ ಜೊತೆಗೆ ಅದಕ್ಕಾಗಿಯೇ 120 ಗ್ರಾಂನ ಇನ್ನೊಂದು ಪೊಟ್ಟಣ ಬರುತ್ತಿತ್ತು. ಬಹುಪಾಲು ರೈತರು ಅದನ್ನು ಬಿತ್ತಲಿಲ್ಲ. ಗುಲಾಬಿ ಹುಳು ಮೊದಲ ಬಿಟಿ ಹತ್ತಿಯನ್ನು ಗೆದ್ದಿತೆಂಬ ಸುದ್ದಿ 2010ರಲ್ಲಿ ಗುಜರಾತಿನಿಂದ ಬಂದಾಗ, ರೈತರ ಅಜ್ಞಾನವನ್ನು ಕಾರಣವೆಂದು ಹೇಳಿ ಕೈತೊಳೆದುಕೊಂಡವರು ಹಲವರು. ಔಷಧ ಹೊಡೆಯದ ತಾಕಿನಲ್ಲಿ ಯಾವ ವರ್ಷ ಎಷ್ಟು ಹುಳುವಿತ್ತೆಂಬ ಲೆಕ್ಕವನ್ನು ಇಷ್ಟು ಕಾಲ ಸಂಸ್ಥೆಗಳೂ ಲೇಖಕರೂ ಭಾಗಾಕಾರದಲ್ಲಿ ಕರಗಿಸಿ, ರೈತನಿಗೆ ತೋರಿಸಿದ್ದು ಗೆದ್ದ ಔಷಧದ ಹೆಸರನ್ನು ಮಾತ್ರ. ಅಂಥವನು ತನ್ನ ಹೊಲದ ಐದನೆಯ ಒಂದು ಪಾಲನ್ನು ಹುಳುವಿಗೆ ಬಿಡಲು ಒಪ್ಪದಿದ್ದರೆ, ಅದನ್ನು ಅಜ್ಞಾನವೆನ್ನುವ ಮೊದಲು ಹಗರಿ, ನಂದ್ಯಾಲಗಳ ಕೋಷ್ಟಕಗಳ ಕೊನೆಯ ಸಾಲುಗಳನ್ನು ವರ್ಷವಾರು ಎತ್ತಿ ಬರೆದು, ಒಂದರ ಪಕ್ಕದಲ್ಲೊಂದನ್ನು ಇಡತಕ್ಕದ್ದು.