ಒಂದೇ ಕಣ್ಣಿನ ಕಿಂಡಿ

1897ರ ಆಗಸ್ಟ್ 20. ಸಿಕಂದರಾಬಾದಿನ ಬೇಗಂಪೇಟೆಯ ಆಸ್ಪತ್ರೆಯಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆ ಬಿಡಿಸಿ ನೋಡುತ್ತ ಕೂತಿದ್ದರು. ಪಂಕ ಎಳೆಸುವಂತಿಲ್ಲ, ಗಾಳಿಗೆ ಸೊಳ್ಳೆಗಳು ಹಾರಿಹೋಗುತ್ತವೆ. ಹಣೆಯ ಬೆವರು ಇಳಿದಿಳಿದು ಮೈಕ್ರೋಸ್ಕೋಪಿನ ತಿರುಪುಗಳು ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಐಪೀಸ್ ಬಿರುಕು ಬಿಟ್ಟಿತ್ತು. ಆ ಗಾಜಿನಾಚೆ ಕಪ್ಪು ಕಣ ತುಂಬಿದ ದುಂಡು ಕೋಶಗಳು ಕಂಡವು. ಮಲೇರಿಯಾದ ಜಾಡು ಸಿಕ್ಕಿತ್ತು.

ಆದರೆ ಕಂಡದ್ದು ಒಬ್ಬರಿಗೆ. ಹಿಂದೆ ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸ ಮಾಡಿದ್ದ ಈ ಸೇನಾ ವೈದ್ಯರ ಮಾತನ್ನು ಲಂಡನ್ ನಂಬಬೇಕಿತ್ತಲ್ಲ! ರಾಸ್ ಕೈಯಿಂದ ಚಿತ್ರ ಬರೆದರು, ಸ್ಲೈಡುಗಳನ್ನು ಕಳಿಸಿದರು. ಆ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಖನ ಅಚ್ಚಾದಾಗ ಸ್ಮಿತ್ ಎಂಬ ಇನ್ನೊಬ್ಬ ವೈದ್ಯಾಧಿಕಾರಿಯ ಟಿಪ್ಪಣಿಯೂ ಜೊತೆಗಿತ್ತು. ವಿಜ್ಞಾನಕ್ಕೂ ಸಾಕ್ಷಿ ಬೇಕಾದ ಕಾಲ.

ಕ್ಯಾಮೆರಾ ಇರಲಿಲ್ಲವೆಂದಲ್ಲ. ಪ್ಯಾರಿಸ್ಸಿನ ಆಲ್ಫ್ರೆಡ್ ಡೋನೆ, ಲಿಯಾನ್ ಫೂಕೋ ಜೊತೆ ಸೇರಿ, ಮೈಕ್ರೋಸ್ಕೋಪಿನಲ್ಲಿ ತೆಗೆದ ಫೋಟೋಗಳ ಸಂಪುಟವನ್ನು 1845ರಲ್ಲೇ ತಂದಿದ್ದರು. ತಮಾಷೆಯೆಂದರೆ, ಅಚ್ಚು ಹಾಕಲು ಆ ಫೋಟೋಗಳನ್ನು ಮತ್ತೆ ಕೈಯಿಂದಲೇ ಕೆತ್ತಿಸಬೇಕಾಯಿತು. 1877ರಲ್ಲಿ ರಾಬರ್ಟ್ ಕಾಖ್ ಬ್ಯಾಕ್ಟೀರಿಯಾಗಳ ಫೋಟೋ ಪ್ರಕಟಿಸಿದರು. ಅಂಥ ಸಲಕರಣೆ ದೊಡ್ಡ ಪ್ರಯೋಗಾಲಯಗಳ ಸೊತ್ತಾಗಿತ್ತು.

1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಹುಟ್ಟಿದ ಆಂಧ್ರ ವಿಶ್ವವಿದ್ಯಾಲಯ ಕೆಲವೇ ವರ್ಷಗಳಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ನೆಲೆ ಬದಲಿಸಿತು. ವಿಶಾಖಪಟ್ಟಣದಲ್ಲಿ ಅದಾಗಲೇ 1923ರಿಂದ ವೈದ್ಯಕೀಯ ಕಾಲೇಜಿತ್ತು. ಅಲ್ಲಿರಲಿ, ಧಾರವಾಡದಲ್ಲಿರಲಿ, ಲ್ಯಾಬಿನ ದೃಶ್ಯ ಒಂದೇ: ಒಂದು ಮೈಕ್ರೋಸ್ಕೋಪು, ಮುಂದೆ ಹುಡುಗರ ಸಾಲು. 'ಕಂಡಿತಾ?' ಎಂದರೆ 'ಕಂಡಿತು ಸಾರ್.' ಎಷ್ಟೋ ಸಲ ಕಂಡದ್ದು ಸ್ವಂತ ರೆಪ್ಪೆಯ ಕೂದಲು. ನಮ್ಮ ಕಾಲೇಜುಗಳಿಗೆ ಅಗ್ಗದ ಮೈಕ್ರೋಸ್ಕೋಪು ಒದಗಿಸಿದ ಊರು ಹರಿಯಾಣದ ಅಂಬಾಲಾ. ಅದಕ್ಕೆ ಕ್ಯಾಮೆರಾ ಕೂರಿಸಬೇಕೆಂದರೆ ಕ್ಯಾಮೆರಾದ ಬೆಲೆಯೇ ಹೆಚ್ಚು.

ಅದನ್ನು ಬದಲಿಸಿದ್ದು ವೆಬ್‌ಕ್ಯಾಮ್. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಬಾಯ್ಲ್ ಮತ್ತು ಸ್ಮಿತ್ ರೂಪಿಸಿದ ಸಿಸಿಡಿ ಬೆಳಕನ್ನು ವಿದ್ಯುತ್ತಾಗಿ ಹಿಡಿಯಿತು. 1994ರ ಕ್ವಿಕ್‌ಕ್ಯಾಮ್ ಅಂಥ ಕಣ್ಣನ್ನು ಸುಮಾರು 100 ಡಾಲರಿಗೆ ಇಳಿಸಿತು. ಹವ್ಯಾಸಿಗಳು ವೆಬ್‌ಕ್ಯಾಮಿನ ಲೆನ್ಸ್ ಕಿತ್ತೆಸೆದರು, ಮೈಕ್ರೋಸ್ಕೋಪಿನ ಐಪೀಸನ್ನೂ ತೆಗೆದರು, ಆಬ್ಜೆಕ್ಟಿವ್ ಬಿಂಬ ಮೂಡಿಸುವ ಜಾಗಕ್ಕೆ ಸೆನ್ಸರನ್ನೇ ತಂದು ನಿಲ್ಲಿಸಿದರು. ಐಪೀಸಿನ ಕೊಳವೆ 23.2 ಮಿಲಿಮೀಟರಿನದು. ಅದರೊಳಗೆ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧವೇ ಕಷ್ಟ. ಐಪೀಸಿನಲ್ಲಿ ಕಣ್ಣಿಗೆ ಬೀಳುವ ಬಿಂಬ ಸುಮಾರು 18 ಮಿಲಿಮೀಟರ್ ಅಗಲದ ವೃತ್ತ. ವೆಬ್‌ಕ್ಯಾಮಿನ ಸೆನ್ಸರ್ ಸುಮಾರು 3.2ಕ್ಕೆ 2.4 ಮಿಲಿಮೀಟರ್. ವೃತ್ತದ ನೂರರಲ್ಲಿ ಮೂರು ಪಾಲು ಮಾತ್ರ ಪರದೆಗೆ ಬರುತ್ತದೆ, ಅದೂ ಭಾರಿ ದೊಡ್ಡದಾಗಿ. ನೋಡುವವರಿಗೆ ಖುಷಿ, ಮಲೇರಿಯಾ ಹುಡುಕುವವರಿಗೆ ಅಪಾಯ. ರಕ್ತದ ಸ್ಲೈಡಿನಲ್ಲಿ ಪರೋಪಜೀವಿ ಇಲ್ಲವೆಂದು ಬರೆಯುವ ಮುನ್ನ ನೂರು ವೃತ್ತಗಳನ್ನು ನೋಡುವುದು ರೂಢಿ. ಈ ಲೆಕ್ಕದಲ್ಲಿ ವೆಬ್‌ಕ್ಯಾಮಿಗೆ ಮೂರು ಸಾವಿರಕ್ಕೂ ಹೆಚ್ಚು ಚೌಕಟ್ಟು ಬೇಕು. ವಿಶಾಖಪಟ್ಟಣದಿಂದ ನೂರು ಕಿಲೋಮೀಟರಿಗೂ ದೂರದ ಪಾಡೇರು ಬೆಟ್ಟಗಳಲ್ಲಿ ಮಲೇರಿಯಾ ಹಳೆಯ ಪಿಡುಗು. ಅಲ್ಲಿ ತಪ್ಪಾಗಿ 'ನೆಗೆಟಿವ್' ಎಂದರೆ ಜ್ವರದ ಮಗು ಔಷಧಿಯಿಲ್ಲದೆ ಮನೆಗೆ ಹೋಗುತ್ತದೆ.

2009ರಲ್ಲಿ ಬರ್ಕ್ಲಿಯ ಸಂಶೋಧಕರು ಫೋನಿನ ಕ್ಯಾಮೆರಾವನ್ನೇ ಬಳಸಿ ಮಲೇರಿಯಾ ತಗುಲಿದ ರಕ್ತಕಣಗಳನ್ನೂ ಕ್ಷಯದ ಬ್ಯಾಕ್ಟೀರಿಯಾಗಳನ್ನೂ ತೋರಿಸಿದರು. ಫೋನಿನ ಲೆನ್ಸು ಬಿಚ್ಚುವ ಗೊಡವೆಯಿಲ್ಲ. ಐಪೀಸಿನ ಹಿಂದೆ, ಕಣ್ಣಿಡುತ್ತಿದ್ದ ಜಾಗದಲ್ಲಿ ನಿಲ್ಲಿಸಿದರೆ ಸಾಕು, ಹೆಚ್ಚುಕಡಿಮೆ ಇಡೀ ವೃತ್ತ ಸಿಗುತ್ತದೆ. ಹವ್ಯಾಸಿಗಳು ಕಿತ್ತು ಬದಿಗಿಟ್ಟಿದ್ದ ಐಪೀಸು ಹೀಗೆ ವಾಪಸು ಬಂತು. ಸಾಧಾರಣ ಮೈಕ್ರೋಸ್ಕೋಪಿನಲ್ಲಾದರೆ ಸ್ಲೈಡನ್ನು ಒಂದೊಂದೇ ವೃತ್ತ ಸರಿಸುವ ಕೆಲಸ ಈಗಲೂ ಬೆರಳಿನದೇ.